ಸಿನಿಮಾ ಪಟ್ಟಿ ಆಮೇಲೆ, ಮೊದಲು ಟಾಯ್ಲೆಟ್ ಎಣಿಸಿ

ರಾತ್ರಿಯಿಡೀ ಸೈನ್ಸ್ ಫಿಕ್ಷನ್ ಸಿನಿಮಾ ಹಾಕೋಣ ಅಂತ ಮೈಸೂರಲ್ಲಿ ಯಾರು ಹೊರಟರೂ ಮೊದಲು ವಾಟ್ಸಾಪ್ ಗುಂಪು ಕಟ್ಟುತ್ತಾರೆ. ಆಮೇಲೆ ಮೂರು ವಾರ ಯಾವ ಸಿನಿಮಾ ಅಂತ ಜಗಳ. ಹಾಲ್‌ನಲ್ಲಿ ಟಾಯ್ಲೆಟ್ ಎಷ್ಟಿದೆ ಅಂತ ಒಬ್ಬರೂ ಕೇಳಲ್ಲ.

ಇಂಥ ಸಿನಿಮಾ ಮ್ಯಾರಥಾನ್ ಕೂತು ಬಂದವರನ್ನು ನಾಲ್ಕು ವರ್ಷ ಬಿಟ್ಟು ಮಾತಾಡಿಸಿ ನೋಡಿ. ಐದು ಸಿನಿಮಾದಲ್ಲಿ ಎರಡರ ಹೆಸರೇ ನೆನಪಿರಲ್ಲ. ಮೂರು ಗಂಟೆ ರಾತ್ರೀಲಿ ಇಡೀ ಹಾಲ್ ಯಾವುದೋ ಪೆದ್ದು ಡೈಲಾಗಿಗೆ ಬಿದ್ದು ಬಿದ್ದು ನಕ್ಕಿದ್ದು, ಕರೆಂಟ್ ಹೋದಾಗ ಕತ್ತಲಲ್ಲಿ ಯಾರೋ ರಾಕೆಟ್ ಕೌಂಟ್‌ಡೌನ್ ಶುರು ಮಾಡಿದ್ದು, ಕಾಫಿ ತಳ ಕಂಡಿದ್ದು ಮಾತ್ರ ಚಾಚೂ ತಪ್ಪದೆ ಹೇಳುತ್ತಾರೆ. ನೆನಪು ಕೂರುವುದು ಎರಡು ಸಿನಿಮಾ ನಡುವಿನ ಸಂದಿನಲ್ಲಿ. ಆ ಸಂದನ್ನು ಕಾಯುವುದೇ ಆಯೋಜಕರ ಕೆಲಸ ಅನ್ನೋದು ಈ ಪೋಸ್ಟಿನ ವಾದ.

ಅಮೆರಿಕದ ಬಾಸ್ಟನ್ ಪಕ್ಕದ ಕೇಂಬ್ರಿಡ್ಜ್‌ನ ಆರ್ಸನ್ ವೆಲ್ಸ್ ಸಿನಿಮಾದಲ್ಲಿ 1976ರಲ್ಲಿ ಇಂಥದ್ದೊಂದು ಶುರುವಾಯಿತು. 24 ಗಂಟೆ, ಫೆಬ್ರವರಿಯ ಪ್ರೆಸಿಡೆಂಟ್ಸ್ ಡೇ ರಜೆಯ ಹೊತ್ತಿಗೆ. 1986ರಲ್ಲಿ ಪಾಪ್‌ಕಾರ್ನ್ ಮಷೀನಿನಿಂದ ಹೊತ್ತಿದ ಬೆಂಕಿಗೆ ಆ ಥಿಯೇಟರ್ರೇ ಮುಚ್ಚಿಹೋಯಿತು, ಮ್ಯಾರಥಾನ್ ಮಾತ್ರ ಬೇರೆ ಥಿಯೇಟರ್‌ಗಳಿಗೆ ಹೋಗಿ ಬದುಕಿಕೊಂಡಿತು. ಅಲ್ಲಿನ ಹಳಬರು ಹೇಳೋದೂ ಇಂಥವೇ: ಅನ್ಯಗ್ರಹ ಜೀವಿ ಸಂಗಾತಿಯನ್ನು ಕರೆಯುವ ಕೂಗಿನ ಸ್ಪರ್ಧೆ, ಅಲ್ಯೂಮಿನಿಯಂ ಫಾಯಿಲ್ ಟೋಪಿ ಸ್ಪರ್ಧೆ, ವರ್ಷಾ ವರ್ಷ ತಪ್ಪದೆ ಹಾಕುವ 1953ರ ಡಾಫಿ ಡಕ್ ಕಾರ್ಟೂನ್. ಏಳು ನಿಮಿಷದ ಆ ಕಾರ್ಟೂನನ್ನು ಬರೀ ಸಂಪ್ರದಾಯ ಅಂದುಕೊಳ್ಳಬೇಡಿ. ಅದರ ಉಪಯೋಗ ಕೆಳಗಿದೆ.

ನಮಗೆ ಇದು ಹೊಸದೂ ಅಲ್ಲ. ಮಂಡ್ಯ ಕಡೆ ಊರುಗಳಲ್ಲಿ ಕುರುಕ್ಷೇತ್ರ ನಾಟಕ ರಾತ್ರಿ ಊಟ ಮುಗಿಸಿ ಶುರುವಾದರೆ ಬೆಳಕು ಹರಿಯುವವರೆಗೆ ನಡೆಯುತ್ತೆ. ಜನ ಚಾಪೆ ಮೇಲೆ ಕಂಬಳಿ ಹೊದ್ದು ತೂಕಡಿಸುತ್ತಾರೆ, ದುರ್ಯೋಧನನ ಎಂಟ್ರಿಗೆ ಹಾರ್ಮೋನಿಯಂ ಎತ್ತರಕ್ಕೆ ಏರಿದ ಕೂಡಲೇ ಎದ್ದು ಕೂರುತ್ತಾರೆ. ಯಾವಾಗ ಮಲಗಿಸಬೇಕು, ಯಾವಾಗ ಎಬ್ಬಿಸಬೇಕು ಅನ್ನೋದು ಹಾರ್ಮೋನಿಯಂ ಮೇಷ್ಟ್ರಿಗೆ ಗೊತ್ತು. ನಮ್ಮ ಫಿಲಂ ಸೊಸೈಟಿಯವರು ಅವರ ಹತ್ತಿರ ಒಂದು ವಾರ ಕಲಿಯಬೇಕು.

ಹಾಗಾಗಿ ಶಿವರಾತ್ರಿಯೇ ಸರಿಯಾದ ದಿನ. ಜಾಗರಣೆಗೆ ಮನೆಯವರ ತಕರಾರು ಇರಲ್ಲ. 2026ರಲ್ಲಂತೂ ಶಿವರಾತ್ರಿ ಫೆಬ್ರವರಿ 15ರ ಭಾನುವಾರ, ಪ್ರೆಸಿಡೆಂಟ್ಸ್ ಡೇ ಮಾರನೇ ದಿನ ಸೋಮವಾರ! 24 ಗಂಟೆ ನಮಗೆ ಬೇಡ. ಸಂಜೆ 6ರಿಂದ ಬೆಳಿಗ್ಗೆ 6, ಹನ್ನೆರಡು ಗಂಟೆ ಸಾಕು. ರಾತ್ರಿ ಎರಡಕ್ಕೆ ಮುಗಿಸುವ ಅರ್ಧ ಮ್ಯಾರಥಾನ್ ಮಾತ್ರ ಮಾಡಲೇಬೇಡಿ. ಆ ಹೊತ್ತಲ್ಲಿ ಸಿಟಿ ಬಸ್ ಇಲ್ಲ, ಆಟೋದವರು ಕೇಳಿದ್ದೇ ರೇಟು, ಹೆಣ್ಣುಮಕ್ಕಳು ಹನ್ನೊಂದಕ್ಕೇ ಎದ್ದು ಹೋಗಬೇಕಾಗುತ್ತೆ.

ಈಗ ಲೆಕ್ಕ. 12 ಗಂಟೆ ಅಂದರೆ 720 ನಿಮಿಷ. ಅದರಲ್ಲಿ ಸಿನಿಮಾ 590 ನಿಮಿಷ ದಾಟಬಾರದು. ಉಳಿದ 130 ನಿಮಿಷ ಬ್ರೇಕಿಗೆ. ಅಷ್ಟೊಂದಾ ಅಂತೀರಾ? 150 ಜನ, ನಾಲ್ಕು ಟಾಯ್ಲೆಟ್, ಒಬ್ಬರಿಗೆ ಒಂದೂವರೆ ನಿಮಿಷ ಅಂತಿಟ್ಟುಕೊಳ್ಳಿ. ಅರ್ಧ ಜನ ಎದ್ದರೂ 75ನ್ನು ಒಂದೂವರೆಯಿಂದ ಗುಣಿಸಿ ನಾಲ್ಕರಿಂದ ಭಾಗಿಸಿದರೆ 28 ನಿಮಿಷ. ಹತ್ತು ನಿಮಿಷ ಬ್ರೇಕ್ ಅಂತ ಪೋಸ್ಟರಿನಲ್ಲಿ ಬರೆದವರು ಈ ಗುಣಾಕಾರ ಮಾಡಿಯೇ ಇರಲ್ಲ. ಪ್ರತಿ ಬ್ರೇಕಿನಲ್ಲಿ ಹತ್ತು ನಿಮಿಷ ಜಾರಿದರೆ ಐದನೇ ಬ್ರೇಕಿನ ಹೊತ್ತಿಗೆ ಐವತ್ತು ನಿಮಿಷ ಹೋಯಿತು. ಆಗ ಕೊನೆ ಸಿನಿಮಾದ ಕುತ್ತಿಗೆಗೆ ಬರುತ್ತೆ. ಬೆಳಿಗ್ಗೆ ಹಾಲ್‌ನಲ್ಲಿ ನಾಮಕರಣಕ್ಕೆ ಚೇರು ಹಾಕುವವರು ಬಾಗಿಲಲ್ಲಿ ನಿಂತಿರುತ್ತಾರೆ.

ಕಾರ್ಟೂನಿನ ಉಪಯೋಗ ಇಲ್ಲಿದೆ. ಬ್ರೇಕ್ ಮುಗಿದ ಕೂಡಲೇ ದೊಡ್ಡ ಸಿನಿಮಾ ಶುರು ಮಾಡಬೇಡಿ, ಐದಾರು ನಿಮಿಷದ ತುಂಡು ಚಿತ್ರ ಹಾಕಿ. ಅದೇ ಎರಡನೇ ಬೆಲ್. ಲೋಟ ಹಿಡಿದು ಹೊರಗೆ ನಿಂತವರು ಸದ್ದು ಕೇಳಿ ಒಳಗೆ ಬರುತ್ತಾರೆ, ಮೊಬೈಲ್ ಟಾರ್ಚ್ ಹಾಕಿ ಸೀಟು ಹುಡುಕೋದು ಮುಖ್ಯ ಸಿನಿಮಾದ ಮೊದಲ ದೃಶ್ಯದ ಮೇಲೆ ಆಗಲ್ಲ. ಲೇಟಾಗಿದ್ದರೆ ತುಂಡನ್ನೇ ಬಿಟ್ಟುಬಿಡಬಹುದು. ಇದರ ಸಮಯವನ್ನು ಬ್ರೇಕಿನ ಖಾತೆಗೇ ಬರೆದಿಟ್ಟುಕೊಳ್ಳಿ.

ಒಂದು ಮಾದರಿ ರಾತ್ರಿ ಹೀಗಿರಬಹುದು. 6ಕ್ಕೆ ಸರಿಯಾಗಿ 1902ರ ಮೂಕಿ ಚಂದ್ರಯಾತ್ರೆ, ‘ಎ ಟ್ರಿಪ್ ಟು ದ ಮೂನ್’. ಸುಮಾರು 260 ಮೀಟರ್ ಉದ್ದದ ರೀಲು, ಸೆಕೆಂಡಿಗೆ 16 ಫ್ರೇಮಿನಂತೆ ಓಡಿಸಿದರೆ 14 ನಿಮಿಷ. ಒಂಬತ್ತೂವರೆ ನಿಮಿಷದ ಕಾಪಿ ಸಿಕ್ಕರೆ ಅದನ್ನು 24 ಫ್ರೇಮಿನಲ್ಲಿ ಓಡಿಸಿದ್ದಾರೆ ಅಂತ ಅರ್ಥ, ಎಲ್ಲರೂ ಇರುವೆ ಥರ ಓಡಾಡುತ್ತಾರೆ. ಇದಕ್ಕೆ ರೆಕಾರ್ಡ್ ಮ್ಯೂಸಿಕ್ ಬೇಡ. ಒಬ್ಬ ಹಾರ್ಮೋನಿಯಂ ಮೇಷ್ಟ್ರು, ಒಂದು ತಬಲಾ. ರಾಕೆಟ್ ಚಂದ್ರನ ಕಣ್ಣಿಗೆ ಚುಚ್ಚುವಾಗ ಕುರುಕ್ಷೇತ್ರದ ಯುದ್ಧದ ಪಟ್ಟು ಬಾರಿಸಿದರೆ ಬೇರೆ ಓಪನಿಂಗ್ ಬೇಕಾ?

6:20ಕ್ಕೆ ಆ ರಾತ್ರಿಯ ಅತಿ ನಿಧಾನದ, ಅತಿ ದೊಡ್ಡ ಸಿನಿಮಾ. 1968ರ ‘2001: ಎ ಸ್ಪೇಸ್ ಒಡಿಸ್ಸಿ’ ಹಾಕೋದಾದರೆ 142 ನಿಮಿಷ, ಮೊದಲ ಸುಮಾರು 25 ನಿಮಿಷ ಒಂದು ಮಾತೂ ಇಲ್ಲ. ಗೌರವ ಕೊಡೋಕೆ ಅಂತ ಇಂಥದ್ದನ್ನು ನಡುರಾತ್ರಿಗೆ ಇಡುವ ಚಾಳಿಯಿದೆ, ಅದು ಗೌರವವಲ್ಲ, ಜೋಗುಳ. ತಲೆ ಚುರುಕಿರುವಾಗಲೇ ತೋರಿಸಿ. 8:42ಕ್ಕೆ ಮುಗಿದರೆ ಊಟಕ್ಕೆ 48 ನಿಮಿಷ. 9:30ಕ್ಕೆ ಕನ್ನಡದ ಸಿನಿಮಾ, 135 ನಿಮಿಷದೊಳಗಿನದ್ದು. 2002ರ ‘ಹಾಲಿವುಡ್’ನ ರೋಬೋ ಉಪೇಂದ್ರನಿಂದ ಹಿಡಿದು 2024ರ ‘ಬ್ಲಿಂಕ್’ನ ಟೈಮ್ ಟ್ರಾವೆಲ್‌ವರೆಗೆ ನಮ್ಮಲ್ಲೂ ಸರಕಿದೆ. ಊಟ ಆದ ಮೇಲೆ ಸಬ್‌ಟೈಟಲ್ ಓದಿಸಬಾರದು ಅನ್ನೋದು ಕನ್ನಡಾಭಿಮಾನಕ್ಕಿಂತ ದೊಡ್ಡ ಕಾರಣ. 11:45ರಿಂದ 25 ನಿಮಿಷ ಬ್ರೇಕ್. 12:10ಕ್ಕೆ ಹೆದರಿಸುವ ಸಿನಿಮಾ, ಎರಡು ಗಂಟೆಯೊಳಗೆ. ಕತ್ತಲೆ ನೌಕೆ, ಏಳು ಜನ, ಒಂದು ಪ್ರಾಣಿ, ‘ಏಲಿಯನ್’ ಗೊತ್ತಲ್ಲ.

2:07ಕ್ಕೆ ಲೈಟ್ ಹಾಕಿದಾಗ ನಿಜವಾದ ಪರೀಕ್ಷೆ. ಬೆಳಗಿನ ಜಾವ ಮೂರರಿಂದ ಐದು, ಮೈಯ ಶಾಖ ಇಳಿದು ಎಚ್ಚರ ತಳ ಮುಟ್ಟುವ ಹೊತ್ತು. ಹಾಲ್‌ನವರು ಎಸಿ ಕಡಿಮೆ ಮಾಡಿರಲ್ಲ, ಸಂಜೆ ಹಿತವಾಗಿದ್ದ ಚಳಿ ಈಗ ಹಲ್ಲು ಕಟಕಟ ಅನ್ನಿಸುತ್ತೆ. ಈ ಬ್ರೇಕು 33 ನಿಮಿಷ ಇರಲಿ. ಕಾಫಿಯಲ್ಲಿನ ಕೆಫೀನ್ ಕೆಲಸ ಶುರು ಮಾಡೋಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು, ಆದ್ದರಿಂದ ಕಾಫಿ 2:10ಕ್ಕೇ ಕೈಗೆ ಸಿಗಬೇಕು, 2:38ಕ್ಕಲ್ಲ. 2:40ಕ್ಕೆ ಹಾಕುವ ಸಿನಿಮಾ 80 ನಿಮಿಷ ಮೀರಬಾರದು, ಕಥೆ ಕಗ್ಗಂಟಾಗಿರಬಾರದು, ಸಬ್‌ಟೈಟಲ್ ಇರಬಾರದು, ಗಲಾಟೆ ಇರಬೇಕು. 1950ರ ದಶಕದ ಅಮೆರಿಕದ ಅಗ್ಗದ ಚಿತ್ರಗಳು ಈ ಜಾಗಕ್ಕೆ ಹೇಳಿ ಮಾಡಿಸಿದ ಹಾಗಿವೆ. ಒಂದು ಟಿಕೆಟಿಗೆ ಎರಡು ಸಿನಿಮಾ ತೋರಿಸುವ ಪದ್ಧತಿ ಇದ್ದುದರಿಂದ ಅವನ್ನು 70–80 ನಿಮಿಷಕ್ಕೆ ಕತ್ತರಿಸಿರುತ್ತಿದ್ದರು. ರಬ್ಬರ್ ಸೂಟಿನ ಜಿಪ್ ಕಾಣಬೇಕು, ತಟ್ಟೆ ಹಾರುವಾಗ ದಾರ ಕಾಣಬೇಕು. ಬೇರೆ ದಿನ ಮಗ್ಗುಲು ಬದಲಿಸುವಂಥ ಈ ಸಿನಿಮಾವನ್ನೇ ಜನ ಜೀವಮಾನವಿಡೀ ನೆನೆಯೋದು. ಒಳ್ಳೆ ಸಿನಿಮಾ ಹಾಳಾಗುವ ಹೊತ್ತಲ್ಲಿ ಕೆಟ್ಟ ಸಿನಿಮಾ ಅರಳುತ್ತೆ ಕಣ್ರೀ.

4ರಿಂದ 20 ನಿಮಿಷ ಬ್ರೇಕ್, 4:20ಕ್ಕೆ ಕೊನೆಯದು, ನೂರು ನಿಮಿಷದ್ದು. ಮನಸ್ಸಿಗೆ ಹಗುರಾದದ್ದೇನಾದರೂ.

ಇನ್ನು ಮಷೀನು. 16 ಅಡಿ ಅಗಲ, 9 ಅಡಿ ಎತ್ತರದ ಪರದೆ ಅಂದರೆ 144 ಚದರಡಿ. ಥಿಯೇಟರಿನ ಅಳತೆ ಪ್ರಕಾರ 14 ಫುಟ್‌ಲ್ಯಾಂಬರ್ಟ್ (ಪರದೆಯ ಹೊಳಪಿನ ಅಳತೆ) ಬೆಳಕು ಬೇಕೆಂದರೆ ಪರದೆ ಮೇಲೆ ಸುಮಾರು 2000 ಲ್ಯೂಮೆನ್ (ಪ್ರೊಜೆಕ್ಟರ್ ಚೆಲ್ಲುವ ಬೆಳಕಿನ ಅಳತೆ) ಬೀಳಬೇಕು. ಡಬ್ಬದ ಮೇಲೆ ಬರೆದಿರುವುದು ಕಣ್ಣಿಗೆ ಹೊಡೆಯುವ ಬ್ರೈಟ್ ಮೋಡಿನ ಸಂಖ್ಯೆ, ಸಿನಿಮಾ ಮೋಡಿಗೆ ಹಾಕಿದರೆ ಅದು ಅರ್ಧಕ್ಕೆ ಇಳಿಯಬಹುದು. ಆದ್ದರಿಂದ 4000ದ ಪ್ರೊಜೆಕ್ಟರೇ ಬಾಡಿಗೆಗೆ ತನ್ನಿ, ಫಿಲ್ಟರ್ ಧೂಳು ಹಿಂದಿನ ದಿನವೇ ಒರೆಸಿ. ಮದುವೆ ಮನೆ ಸುತ್ತಿ ಬಂದ ಮಷೀನು ಐದನೇ ಗಂಟೆಗೆ ಬಿಸಿಯಾಗಿ ತಾನೇ ಆಫ್ ಆಗುತ್ತೆ. ಲ್ಯಾಂಪ್ ಪ್ರೊಜೆಕ್ಟರಿಗೆ ಯುಪಿಎಸ್ ಕಡ್ಡಾಯ. ಕರೆಂಟ್ ಹೋಗಿ ಜನರೇಟರ್ ಹಿಡಿಯುವುದು ಹದಿನೈದೇ ಸೆಕೆಂಡಿರಬಹುದು, ಆದರೆ ಆರಿದ ಲ್ಯಾಂಪು ತಣ್ಣಗಾಗದೆ ಮತ್ತೆ ಹೊತ್ತಲ್ಲ.

ಅತಿ ಹೆಚ್ಚು ಕೇಳಿಬರುವ ದೂರು: ಮ್ಯೂಸಿಕ್ ಕಿವಿ ಕಿತ್ತುಹೋಗುವಷ್ಟಿದೆ, ಮಾತು ಮಾತ್ರ ಕೇಳಲ್ಲ. ಸ್ಪೀಕರ್ ಬೈಯಬೇಡಿ. 5.1, ಅಂದರೆ ಆರು ಚಾನೆಲ್ ಸೌಂಡಿನ ಫೈಲಿನಲ್ಲಿ ಮಾತು ಬಹುತೇಕ ನಡುವಿನ ಚಾನೆಲ್‌ನಲ್ಲಿರುತ್ತೆ. ನಿಮ್ಮ ಹಾಲ್‌ನಲ್ಲಿರೋದು ಎಡಬಲ ಎರಡೇ ಡಬ್ಬ. ಪ್ಲೇಯರಿನಲ್ಲಿ ಸ್ಟೀರಿಯೋ ಡೌನ್‌ಮಿಕ್ಸ್ ಆನ್ ಮಾಡಿದರೆ ನಡುವಿನದ್ದು ಎರಡಕ್ಕೂ ಹಂಚಿಹೋಗುತ್ತೆ. ಲ್ಯಾಪ್‌ಟಾಪಿನಿಂದ ಮಿಕ್ಸರಿಗೆ ಗುಂಯ್ ಅನ್ನೋ ಸದ್ದು ಬಂದರೆ ಚಾರ್ಜರ್ ಕಿತ್ತು ನೋಡಿ. ನಿಂತರೆ ಅರ್ಥಿಂಗ್ ಸಮಸ್ಯೆ, ನಡುವೆ ಒಂದು ಡಿಐ ಬಾಕ್ಸ್ (ಆ ಸದ್ದು ತಡೆಯುವ ಪುಟ್ಟ ಡಬ್ಬ) ಹಾಕಿ.

ಸಬ್‌ಟೈಟಲ್ಲನ್ನು ಮೊದಲ ಮಾತು ಮತ್ತು ಕೊನೆಯ ಮಾತು ಎರಡಕ್ಕೂ ಹಾಕಿ ಪರೀಕ್ಷಿಸಿ. 24 ಫ್ರೇಮಿನ ಕಾಪಿಗೆ ಬರೆದದ್ದನ್ನು 25 ಫ್ರೇಮಿನ ಕಾಪಿಗೆ ಹಾಕಿದರೆ ಗಂಟೆಗೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳುತ್ತೆ, ಶುರುವಿನಲ್ಲಿ ಗೊತ್ತೇ ಆಗಲ್ಲ. ಕನ್ನಡದಲ್ಲಿ ನೀವೇ ಬರೆದಿದ್ದರೆ ಫೈಲನ್ನು ಯುಟಿಎಫ್-8ರಲ್ಲಿ ಉಳಿಸಿ, ಒತ್ತಕ್ಷರ ಸರಿಯಾಗಿ ಕೂರುತ್ತಾ ನೋಡಿ. ಥಿಯೇಟರ್ ಸರ್ವರಿಗೆ ಡಿಸಿಪಿ (ಥಿಯೇಟರಿನಲ್ಲಿ ಓಡಿಸುವ ಡಿಜಿಟಲ್ ಕಾಪಿ) ಮಾಡಿಸುವುದಾದರೆ ಕನ್ನಡ ಅಕ್ಷರವನ್ನು ಚಿತ್ರದ ಮೇಲೇ ಅಚ್ಚೊತ್ತಿಸುವುದು ಕ್ಷೇಮ. ಇಲ್ಲದಿದ್ದರೆ ‘ವಿಜ್ಞಾನಿ’ ತುಂಡು ತುಂಡಾಗಿ ಕಾಣಿಸುವ ಸಾಧ್ಯತೆಯಿದೆ.

ಡಿಸಿಪಿಗೆ ಇನ್ನೊಂದು ಗಂಡಾಂತರ ಕೆಡಿಎಂ. ಇದು ಆ ಸರ್ವರಿಗೆ ಮಾತ್ರ, ಇಂತಿಷ್ಟು ಹೊತ್ತಿನವರೆಗೆ ಮಾತ್ರ ಸಿನಿಮಾ ತೆರೆಯುವ ಬೀಗದ ಕೈ. 15ನೇ ತಾರೀಖು ಶೋ ಅಂತ ಕೇಳಿದರೆ 15ರ ರಾತ್ರಿ 12ಕ್ಕೆ ಮುಗಿಯುವ ಕೈಯನ್ನೇ ಕಳಿಸಬಹುದು, ನಿಮ್ಮ ಸಿನಿಮಾ ಇರೋದು 16ರ ಬೆಳಿಗ್ಗೆ 2:40ಕ್ಕೆ. ಆ ಹೊತ್ತಲ್ಲಿ ಫೋನ್ ಎತ್ತುವವರು ಯಾರೂ ಇಲ್ಲ. ಮಧ್ಯಾಹ್ನದವರೆಗೆ ಅವಧಿ ಕೇಳಿ ಬರೆಸಿಕೊಳ್ಳಿ. ಎರಡು ಗಂಟೆ ಚಿತ್ರದ ಡಿಸಿಪಿ 200 ಜಿಬಿ ದಾಟಬಹುದು, ಸರ್ವರಿಗೆ ತುಂಬಿಸೋ ಕೆಲಸ ಹಿಂದಿನ ದಿನವೇ ಮುಗಿದಿರಲಿ.

ಕಾನೂನು ಚುಟುಕಾಗಿ: ಮನೆಯ ಓಟಿಟಿ ಚಂದಾದಲ್ಲಿ ಸಾರ್ವಜನಿಕ ಪ್ರದರ್ಶನದ ಹಕ್ಕು ಬರಲ್ಲ. ಸಿನಿಮಾದ ಹಕ್ಕುಸ್ವಾಮ್ಯ ನಮ್ಮಲ್ಲಿ ಬಿಡುಗಡೆಯ ಮರುವರ್ಷದಿಂದ 60 ವರ್ಷ, ಮೂಕಿ ಚಿತ್ರಕ್ಕೆ ಹೊಸದಾಗಿ ಹಾಕಿದ ಸಂಗೀತದ ಹಕ್ಕು ಬೇರೆ. ಸೆನ್ಸಾರ್ ಸರ್ಟಿಫಿಕೇಟ್ ಅಥವಾ ವಿನಾಯಿತಿ ಬೇಕು. ಮೈದಾನದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ, ಹಾಗಾಗಿ ಮುಚ್ಚಿದ ಹಾಲ್ ಹಿಡಿಯಿರಿ. ಕನ್ನಡ ಸಿನಿಮಾದ್ದು ಸಲೀಸು, ಗಾಂಧಿನಗರದಲ್ಲಿ ಒಬ್ಬ ಪರಿಚಯದವರಿದ್ದರೆ ಸಾಕು.

ಕಾಫಿಗೆ ಬನ್ನಿ. 150 ಜನಕ್ಕೆ 90 ಎಂಎಲ್‌ನಂತೆ ಒಂದು ಸುತ್ತಿಗೆ ಹದಿಮೂರೂವರೆ ಲೀಟರ್. ಹತ್ತು ಲೀಟರ್ ಹಾಲು, ಮೂರೂವರೆ ಲೀಟರ್ ಡಿಕಾಕ್ಷನ್, ಅದಕ್ಕೆ ಒಂಬೈನೂರು ಗ್ರಾಂ ಪುಡಿ. ಸಂಜೆ ಕಾಯಿಸಿದ ಹಾಲನ್ನು ಕ್ಯಾನಿನಲ್ಲಿ ಮುಚ್ಚಿಟ್ಟು ರಾತ್ರಿ ಎರಡಕ್ಕೆ ತೆಗೆದರೆ ಒಡೆದಿರುತ್ತೆ, ಸುತ್ತಿಗೊಮ್ಮೆ ಹೊಸ ಪ್ಯಾಕೆಟ್ ಕಾಯಿಸಿ. ಉಪವಾಸದವರಿಗೆ ಹಣ್ಣು, ಕೋಸಂಬರಿ ಬೇರೆ ಮೇಜಿನಲ್ಲಿ. ಬಿಸಿಬೇಳೆಬಾತ್ ಬೇಡ ಅನ್ನೋಲ್ಲ, ತುಪ್ಪ ಕೈ ಹಿಡಿದು ಬಡಿಸಿ, ಇಲ್ಲದಿದ್ದರೆ 9:30ರ ಸಿನಿಮಾಗೇ ಗೊರಕೆ. ಸಿಪ್ಪೆ ಕಡಲೆಕಾಯಿ ಹಾಲ್ ಒಳಗೆ ನಿಷೇಧಿಸಿ. ಮೌನದ ದೃಶ್ಯದಲ್ಲಿ ಎಪ್ಪತ್ತು ಜನ ಸಿಪ್ಪೆ ಒಡೆಯುವ ಸದ್ದು ಬಾಹ್ಯಾಕಾಶದಲ್ಲೂ ಕೇಳುತ್ತೆ.

ಮಂಡ್ಯ, ಶ್ರೀರಂಗಪಟ್ಟಣದಿಂದ ಬೈಕಲ್ಲಿ ಬಂದವರನ್ನು 6ಕ್ಕೆ ಹಾಗೇ ಕಳಿಸಬೇಡಿ. ಎಕ್ಸ್‌ಪ್ರೆಸ್‌ವೇ ಮುಖ್ಯರಸ್ತೆಗೆ ಬೈಕ್ ಬಿಡಲ್ಲ, ಸರ್ವಿಸ್ ರಸ್ತೆಯಲ್ಲಿ ಹಂಪು, ಟ್ರ್ಯಾಕ್ಟರು. ಹಾಲ್ ಹಿಂಬದಿ ನಾಲ್ಕು ಜಮಖಾನ ಹಾಸಿ, ಇಪ್ಪತ್ತು ನಿಮಿಷ ಮಲಗಿ ಎದ್ದು, ತಟ್ಟೆ ಇಡ್ಲಿ ತಿಂದು ಹೋಗಲಿ.

ಕೊನೆಯದಾಗಿ ಟಿಕೆಟ್. ಬಿಲ್ ಮಷೀನಿನ ಥರ್ಮಲ್ ಚೀಟಿ ಕೊಡಬೇಡಿ, ಕೆಲವೇ ತಿಂಗಳಲ್ಲಿ ಅಕ್ಷರ ಮಾಸಿ ಬಿಳಿ ಕಾಗದ ಉಳಿಯುತ್ತೆ. ಪ್ರೆಸ್ಸಿನಲ್ಲಿ ದಪ್ಪ ಕಾರ್ಡ್ ಹೊಡೆಸಿ, ಅದರಲ್ಲಿ ಆರು ಸಿನಿಮಾ ಹೆಸರು, ಪಕ್ಕದಲ್ಲಿ ಖಾಲಿ ಜಾಗ. ಹಳೇ ಬಸ್ ಕಂಡಕ್ಟರ್ ಪಂಚ್ ಒಂದನ್ನು ಹೊಂದಿಸಿಕೊಳ್ಳಿ, ಪ್ರತಿ ಬ್ರೇಕಿನಲ್ಲಿ ಬಾಗಿಲಲ್ಲಿ ಎಚ್ಚರವಾಗಿ ನಿಂತವರ ಕಾರ್ಡಿಗೆ ಮಾತ್ರ ಒಂದೊಂದು ತೂತು. ಒಳಗೇ ಮಲಗಿದವರನ್ನು ಎಬ್ಬಿಸಿ ತೂತು ಹೊಡೆಯಬೇಡಿ. ಐದನೇ ತೂತು ಇಲ್ಲದ ಕಾರ್ಡುಗಳೇ ಜಾಸ್ತಿ ಇರುತ್ತವೆ, ಅಂಥವರೇ ಮುಂದಿನ ವರ್ಷ ಮೊದಲು ಫೋನ್ ಮಾಡೋದು.