ಮುಂಬೈಗೆ ಮೊದಲು ನಮ್ಮ ಗುಮ್ಮಟ ತೋರಿಸಿ

ನಮ್ಮ ಕಲಬುರಗಿ ಮಕ್ಕಳಿಗೆ ಬ್ರಿಟಿಷರು ಅಂದರೆ ಪಾಠದ ಪುಸ್ತಕ ಅಷ್ಟೇ. ಈ ಕಡೆ ಆಳಿದ್ದು ನಿಜಾಮರು. ಹಾಗಾಗಿ ಬ್ರಿಟಿಷರು ಕಟ್ಟಿದ ದೊಡ್ಡ ಊರೊಂದನ್ನು ಮಕ್ಕಳಿಗೆ ತೋರಿಸಬೇಕು, ಖಂಡಿತ. ಆದರೆ ಅದಕ್ಕೂ ಮೊದಲು ನಮ್ಮ ಕೋಟೆ, ನಮ್ಮ ಗುಮ್ಮಟ ತೋರಿಸಿ. ಇದನ್ನು ನನಗೆ ಮನವರಿಕೆ ಮಾಡಿಸಿದ್ದು ನನ್ನ ಒಂಬತ್ತು ವರ್ಷದ ಮಗಳು.

ದೀಪಾವಳಿ ರಜೆಗೆ ಮನೆಮಂದಿಯೆಲ್ಲ ಮುಂಬೈಗೆ ಹೋಗಿದ್ದೆವು. ಇಳಿದದ್ದು ಸಿಎಸ್‌ಎಂಟಿಯಲ್ಲಿ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ರೈಲು ನಿಲ್ದಾಣದಲ್ಲಿ. ನಮ್ಮ ಅವ್ವನಿಗೆ ಅದು ಇವತ್ತಿಗೂ ಹಳೇ ಹೆಸರಿನ ವಿಟಿ, ವಿಕ್ಟೋರಿಯಾ ಟರ್ಮಿನಸ್. 1888ರಲ್ಲಿ ಕಟ್ಟಿ ಮುಗಿಸಿದ ಸ್ಟೇಷನ್. ಕಟ್ಟಿಸಿದ್ದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ. ನಮ್ಮೂರಿನ ಮೇಲೆ ಹಾದು 1871ರಲ್ಲಿ ರಾಯಚೂರು ಮುಟ್ಟಿದ ಹಳಿಯೂ ಅದೇ ಕಂಪನಿಯದು. ಗೇಟಿನ ಕಂಬಗಳ ಮೇಲೆ ಒಂದು ಕಡೆ ಸಿಂಹ, ಇನ್ನೊಂದು ಕಡೆ ಹುಲಿ. ಸಿಂಹ ಇಂಗ್ಲೆಂಡ್, ಹುಲಿ ನಮ್ಮ ದೇಶ ಅಂತ ಹೇಳಿದೆ. ಅವಳು ಎರಡನ್ನೂ ಬಹಳ ಹೊತ್ತು ನೋಡಿದಳು. "ಪಪ್ಪಾ, ಹುಲಿಗಿ ಸಿಟ್ಟು ಬರಲಿಲ್ಲೇನು?" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆ ಅವಳಿಗೆ ಹೊಳೆದಿದ್ದೇ ನನಗೆ ಖುಷಿ.

ಅಲ್ಲೇ ಹತ್ತಿರ ಜನರಲ್ ಪೋಸ್ಟ್ ಆಫೀಸ್ ಇದೆ. ಅದನ್ನು ನೋಡಿದವಳೇ ನನ್ನ ಕೈ ಜಗ್ಗಿದಳು. "ಪಪ್ಪಾ, ಇದು ಬಿಜಾಪುರದ ಗೋಳಗುಮ್ಮಟ ಇದ್ದಂಗೇ ಅದಲ್ಲ!"

ಅವಳು ಹೇಳಿದ್ದು ನೂರಕ್ಕೆ ನೂರು ನಿಜ. 1913ರಲ್ಲಿ ಮುಗಿದ ಆ ಕಟ್ಟಡವನ್ನು ರೂಪಿಸಿದ ಜಾನ್ ಬೆಗ್ ಅವರಿಗೆ ಮಾದರಿಯಾಗಿದ್ದು ಗೋಳಗುಮ್ಮಟವೇ. ಗೇಟ್‌ವೇ ಆಫ್ ಇಂಡಿಯಾ ಕಟ್ಟಿದ ಜಾರ್ಜ್ ವಿಟೆಟ್ ಕೂಡ ಅಲ್ಲಿನ ಮ್ಯೂಸಿಯಂ ಗುಮ್ಮಟಕ್ಕೆ ಬಿಜಾಪುರವನ್ನೇ ನೋಡಿದರು. ಬಿಜಾಪುರ ಆಗ ಬಾಂಬೆ ಪ್ರೆಸಿಡೆನ್ಸಿಯಲ್ಲೇ ಇತ್ತು ಅಲ್ವಾ, ದೂರದ್ದೇನಲ್ಲ.

ಜೊತೆಗಿದ್ದ ಸಂಬಂಧಿಕರು "ಇಂಗ್ಲಿಷರ ತಲಿ ನೋಡ್ರಿ" ಅಂತ ಕೊಂಡಾಡುತ್ತಿದ್ದರು. ಅವರ ಕಟ್ಟಡಗಳು ಗಟ್ಟಿಯಾಗಿವೆ, ಚೆಂದವಾಗಿವೆ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಆ ಗುಮ್ಮಟದ ಬೇರು ನಮ್ಮ ಕಡೆಯದು ಅಂತ ಗುರುತಿಸಿದ್ದು ನಮ್ಮಲ್ಲಿ ಮಗು ಒಬ್ಬಳೇ. ಅವಳು ಹೋದ ವರ್ಷ ಗೋಳಗುಮ್ಮಟ ಹತ್ತಿ, ಗೋಡೆಗೆ ಕಿವಿ ಇಟ್ಟು ಪಿಸುಮಾತು ಕೇಳಿ ಬಂದಿದ್ದಳು. ನೋಡದೇ ಇದ್ದಿದ್ದರೆ ಅದೂ ಅವಳಿಗೆ ಇನ್ನೊಂದು ದೊಡ್ಡ ಕಟ್ಟಡ, ಅಷ್ಟೇ.

ಗೋಳಗುಮ್ಮಟ ಕಟ್ಟಿಸಿದ ಬಿಜಾಪುರದ ಆದಿಲ್‌ಶಾಹಿ ಸುಲ್ತಾನರು ಬಂದಿದ್ದಾದರೂ ಎಲ್ಲಿಂದ? ಬಹಮನಿ ರಾಜ್ಯ ಒಡೆದಾಗ. 1347ರಲ್ಲಿ ಹುಟ್ಟಿದ ಆ ರಾಜ್ಯದ ಮೊದಲ ರಾಜಧಾನಿ ನಮ್ಮೂರು. ಕೋಟೆಯೊಳಗೆ 1367ರ ಜಾಮಿ ಮಸೀದಿ ಇದೆ. ಅದಕ್ಕೆ ತೆರೆದ ಅಂಗಳವೇ ಇಲ್ಲ, ಪೂರ್ತಿ ಮೇಲೆ ಚಾವಣಿ, ಸಾಲು ಸಾಲು ಗುಮ್ಮಟ. ಅಂಥದ್ದು ನಮ್ಮ ದೇಶದಲ್ಲಿ ತೀರಾ ಅಪರೂಪ. ಸಿಟಿ ಬಸ್ಸಿನಲ್ಲಿ ಹೋಗಿ ಬರಬಹುದು. ಆದರೂ ಹೈಸ್ಕೂಲ್ ಮುಗಿಸುವ ತನಕ ಒಳಗೆ ಕಾಲಿಡದ ಮಕ್ಕಳು ನನ್ನ ಓಣಿಯಲ್ಲೇ ಇದ್ದಾರೆ. ನಮ್ಮೂರಲ್ಲೇ ಇರುವ ಬಹಮನಿ ಸುಲ್ತಾನರ ಗೋರಿಗಳು, ಹಫ್ತ್ ಗುಂಬಜ್ ಕಥೆಯೂ ಅದೇ.

ಮಗಳ ಶಾಲೆಯ ಪ್ರವಾಸ ಈ ಸಲವೂ ಮೈಸೂರಿಗೆ. ಹೋಗಲಿ, ಬೇಡ ಅನ್ನಲ್ಲ. ಆದರೆ ಅದಕ್ಕೂ ಮುಂಚೆ ಒಂದು ಶನಿವಾರ ಮಕ್ಕಳನ್ನು ಕೋಟೆಗೆ ಕರೆದುಕೊಂಡು ಹೋಗಿ ಅಂತ ಪಾಲಕರ ಸಭೆಯಲ್ಲಿ ಕೇಳಲಿದ್ದೇನೆ. ನೀವೂ ನಿಮ್ಮ ಮಕ್ಕಳ ಶಾಲೆಯಲ್ಲಿ ಕೇಳಿ. ಬೀದರ್‌ನವರು ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ 1472ರ ಮದರಸಾದಿಂದ ಶುರು ಮಾಡಬಹುದು.