ನೊರೆ ನೊರೆ ಕೂಡಿದರೆ ಕೆರೆ

ನಮ್ಮ ಅಡುಗೆಮನೆಯಲ್ಲಿ ಈಗ ಭೂಮಿ ಉಳಿಸುವ ಕೆಲಸ ಭರದಿಂದ ನಡೆದಿದೆ. ಹಸಿ ಕಸಕ್ಕೆ ಹಸಿರು ಬಕೆಟ್, ಡೈಪರ್, ಬ್ಯಾಂಡೇಜ್ ಥರದ್ದಕ್ಕೆ ಕೆಂಪು ಬಕೆಟ್, ಒಣ ಕಸಕ್ಕೊಂದು ಚೀಲ. 2015ರಲ್ಲಿ ಹೈಕೋರ್ಟ್ ಬೆಂಗಳೂರಿಗೆ ಹಾಕಿಕೊಟ್ಟ ಲೆಕ್ಕ ಇದು. ನನ್ನ ಹೆಂಡತಿ ಹೈಕೋರ್ಟಿಗಿಂತ ಒಂದು ಕೈ ಮೇಲು. ಹಾಲಿನ ಕವರ್ ತೊಳೆದು, ಕ್ಲಿಪ್ ಹಾಕಿ ಹಗ್ಗದ ಮೇಲೆ ಒಣಗಿಸುತ್ತಾಳೆ. ನನ್ನ ಬನಿಯನ್ನಿಗೂ ಆ ಮರ್ಯಾದೆ ಇಲ್ಲ. ಮೊನ್ನೆ ದೇವರ ಫೋಟೋದಿಂದ ಬಾಡಿದ ಮಾಲೆ ತೆಗೆದೆವು. ಹೂವು ಹಸಿ ಕಸ, ಸರಿ. ದಾರ? ಬಾಳೆನಾರಾದರೆ ಹಸಿ, ನೈಲಾನ್ ಆದರೆ ಒಣ. ಗಂಡ ಹೆಂಡತಿ ಅರ್ಧ ಗಂಟೆ ಕೂತು ಮಾಲೆ ಬಿಚ್ಚಿದೆವು. ಮದುವೆಯಲ್ಲೂ ಅಷ್ಟು ಹೊತ್ತು ಮಾಲೆ ಹಿಡಿದಿರಲಿಲ್ಲ.

ಬೆಳಗ್ಗೆ ಹಾಡು ಹಾಕಿಕೊಂಡು ಟಿಪ್ಪರ್ ಬಂತು. ಮೂರನ್ನೂ ಬೇರೆ ಬೇರೆ ಕೊಟ್ಟೆ. ಗಾಡಿಯವನು ಮೂರನ್ನೂ ಒಂದೇ ಕಡೆ ಸುರಿದ.

"ಏನಪ್ಪಾ ಇದು?"

"ಕೊಟ್ಟಿರೋದು ಒಂದೇ ಗಾಡಿ ಅಲ್ವಾ ಸಾರ್?"

ಅವನದೇನೂ ತಪ್ಪಿಲ್ಲ ಬಿಡಿ.

ನೀರಿನ ಕಥೆಯೂ ಅಷ್ಟೇ. 2024ರ ಮಾರ್ಚಿನಲ್ಲಿ ಊರಿಗೆ ಬರ ಬಂದಾಗ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಎಂದರು. ಸರಿಯಾದ ಮಾತೇ. ಸುಮಾರು 100 ಕಿ.ಮೀ. ದೂರದಿಂದ ಪಂಪ್ ಮಾಡಿ ಮೇಲೆತ್ತಿದ ಕಾವೇರಿಯಲ್ಲಿ ಕಾರಿಗೆ ಅಭ್ಯಂಜನ ಯಾಕೆ? ನಾವೂ ನಲ್ಲಿಗಳಿಗೆ ಏರಿಯೇಟರ್, ಅಂದರೆ ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಜಾಲರಿ, ಹಾಕಿಸಿದೆವು. ನೀರು ಕೆಮ್ಮಿ ಕೆಮ್ಮಿ ಬರತೊಡಗಿತು. ಅದೇ ವಾರ ಬೀದಿ ಕೊನೆಯಲ್ಲಿ ಪೈಪು ಒಡೆದು ನಾಲ್ಕು ದಿನ ಹರಿಯಿತು. ಅದಕ್ಕೆ ಏರಿಯೇಟರ್ ಇರಲಿಲ್ಲ.

ನಮ್ಮ ಕಾರ್ಬನ್ ಹೆಜ್ಜೆಗುರುತನ್ನು, ಅಂದರೆ ನಮ್ಮ ಬದುಕಿನಿಂದ ಗಾಳಿಗೆ ಎಷ್ಟು ಇಂಗಾಲ ಸೇರುತ್ತದೆ ಎಂಬುದನ್ನು, ನಾವೇ ಅಳೆದುಕೊಳ್ಳಬೇಕು ಅಂತಾರಲ್ಲ, 2004ರಲ್ಲಿ ಅದಕ್ಕೊಂದು ಕ್ಯಾಲ್ಕುಲೇಟರ್ ಮಾಡಿ ಜನರ ಮುಂದಿಟ್ಟದ್ದು ಬಿಪಿ. ಹೌದು, ಪೆಟ್ರೋಲ್ ಕಂಪನಿಯೇ. ಸಾರಾಯಿ ಅಂಗಡಿಯವನು ಬಾಗಿಲಲ್ಲಿ ನಿಂತು "ಎಷ್ಟು ಕುಡಿದ್ರಿ, ಲೆಕ್ಕ ಇಟ್ಕೊಳ್ಳಿ ಸ್ವಾಮಿ" ಅಂದ ಹಾಗೆ. 2010ರಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಅವರ ಎಣ್ಣೆ ಬಾವಿ 87 ದಿನ ಸಮುದ್ರಕ್ಕೆ ಹರಿಯಿತು. ಆ ಹೆಜ್ಜೆಯನ್ನು ಯಾರ ಖಾತೆಗೆ ಬರೆದರೋ.

ಹಾಗಂತ ಒಬ್ಬೊಬ್ಬರಿಂದ ಏನೂ ಆಗಲ್ಲ ಎಂದು ನಾನು ಹೇಳಲಾರೆ. ಬೆಳ್ಳಂದೂರು ಕೆರೆ ನೋಡಿದವರು ಯಾರೂ ಹೇಳಲಾರರು. ಒಂದು ಮನೆಯಿಂದ ಒಂದು ಚಮಚ ಸೋಪಿನ ಪುಡಿ, ಅಷ್ಟೇ. ಅದೆಲ್ಲ ಕೂಡಿ ಗುಡ್ಡದಷ್ಟು ನೊರೆಯಾಗಿ ರಸ್ತೆಗೆ ಬಂತು, ಗಾಳಿಗೆ ಹಾರಿ ಸ್ಕೂಟರಿನವರ ಮೈಮೇಲೆ ಕೂತಿತು. 2017ರಲ್ಲಿ ಕೆರೆಗೆ ಬೆಂಕಿಯೂ ಬಿತ್ತು. 2018ರ ಜನವರಿಯಲ್ಲಿ ಮತ್ತೆ ಹೊತ್ತಿಕೊಂಡಾಗ ಸೈನಿಕರೇ ಬರಬೇಕಾಯಿತು. ಇಲ್ಲಿ ಮಾತ್ರ ಯಾರೂ ಗಾಡಿ ಒಂದೇ ಎನ್ನಲಿಲ್ಲ ನೋಡಿ! ಚರಂಡಿ, ರಾಜಕಾಲುವೆ ಎಲ್ಲ ಸೇರಿ ನಮ್ಮ ಪಾಲಿನ ಚಮಚವನ್ನು, ಶುದ್ಧೀಕರಣದ ತಂಟೆಗೆ ಹೋಗದೆ, ಜೋಪಾನವಾಗಿ ಕೆರೆಗೆ ಮುಟ್ಟಿಸಿದವು. ಕೆಡಿಸುವ ಕೆಲಸಕ್ಕೆ ಊರಲ್ಲಿ ಲೈನು ಪಕ್ಕಾ ಇದೆ.

ಇವತ್ತು ಬೆಳಗ್ಗೆಯಿಂದ ಮೋಡ. ಹಾಲಿನ ಕವರ್ ಇನ್ನೂ ಒದ್ದೆ. ಟಿಪ್ಪರಿನ ಹಾಡು ಪಕ್ಕದ ಬೀದಿಗೆ ಬಂದಿದೆ. "ಹೇರ್ ಡ್ರೈಯರ್ ಹಿಡೀಲಾ?" ಎಂದು ಹೆಂಡತಿ ಕೇಳುತ್ತಿದ್ದಾಳೆ.