ಪಲ್ಯ ಇಲ್ಲದ ಸೋಮವಾರ

ನಮ್ಮ ಅವ್ವನ ಲೆಕ್ಕದಲ್ಲಿ ನಾನು ಧಾರವಾಡದಲ್ಲಿ ಹಾವಸೆ ಸಾಕುತ್ತೇನೆ. ತಪ್ಪೇನಿಲ್ಲ. ಅದರ ಹೆಸರು ಸಯನೋಬ್ಯಾಕ್ಟೀರಿಯಾ. 200 ಕೋಟಿ ವರ್ಷಕ್ಕೂ ಹಿಂದೆ ಗಾಳಿಗೆ ಆಮ್ಲಜನಕ ತುಂಬಿದ್ದು ಇದೇ ವಂಶ. ನನ್ನನ್ನು ನೋಡಲು ಬಂದ ಬೀಗರಿಗೆ ಇದನ್ನು ಹೇಳಿದೆ. ಪಗಾರ ಎಷ್ಟು ಅಂದರು.

ಆ ಸೋಮವಾರ ಲ್ಯಾಬಿನಲ್ಲಿ ಅವುಗಳ ಊಟ ತಯಾರಿಸುತ್ತಿದ್ದೆ. ಬಿಜಿ-11 ಅಂತಾರೆ. ಲೀಟರಿಗೆ 1.5 ಗ್ರಾಂ ಸೋಡಿಯಂ ನೈಟ್ರೇಟ್ ಬೀಳಬೇಕು. ತಕ್ಕಡಿ ಮೇಲೆ ಕಾಗದ ಇಟ್ಟು ಸೊನ್ನೆ ಮಾಡಿದೆ. ಅಷ್ಟರಲ್ಲಿ ಫೋನ್.

"ಬರೋ ಮುಂದ ಎರಡು ಸೂಡು ಮೆಂತೆ ಸೊಪ್ಪು ತಗೊಂಡು ಬಾ. ಮನ್ಯಾಗ ಕಾಯಿಪಲ್ಯ ಏನೂ ಇಲ್ಲ."

ಹೂಂ ಅಂದೆ. ಉಳಿದದ್ದೆಲ್ಲ ಹಾಕಿದೆ. ನಾಲ್ಕು ಫ್ಲಾಸ್ಕಿಗೆ ಕೋಶಗಳನ್ನು ಹಂಚಿ, ಲೈಟಿನ ಕೆಳಗಿಟ್ಟು ಮನೆಗೆ ಬಂದೆ. ಬರಿಗೈಲಿ.

ಬುಟ್ಟಿ ತುಂಬ ಜೋಳದ ರೊಟ್ಟಿ. ಅವ್ವ ನನ್ನ ಕೈ ನೋಡಿದಳು, ಬುಟ್ಟಿ ನೋಡಿದಳು, ಒಲೆ ಆರಿಸಿದಳು. ಮೊಸರು, ಶೇಂಗಾ ಚಟ್ನಿಯಲ್ಲಿ ಊಟ ಮುಗೀತು. ಉಳಿದ ರೊಟ್ಟಿ ಕಡಕ್ ಮಾಡಿ ಒಟ್ಟಿದಳು.

ಗುರುವಾರ ನೋಡ್ತೀನಿ, ನಾಲ್ಕೂ ಫ್ಲಾಸ್ಕ್ ಹಳದಿ! ಬೇಳೆ ಕಟ್ಟಿನ ಬಣ್ಣ. ಸತ್ತೇ ಹೋದವು ಅಂದುಕೊಂಡೆ. ಸರ್ ಬರುವುದರೊಳಗೆ ಸಾಕ್ಷಿ ನಾಶ ಆಗಬೇಕಲ್ವಾ? ಬ್ಲೀಚ್ ಸುರಿದು ಮೂರನ್ನು ತೊಳೆದೆ. ಎಂದೂ ಅಷ್ಟು ಚೊಕ್ಕ ತೊಳೆದವನಲ್ಲ. ನಾಲ್ಕನೆಯದು ಕೈಯಲ್ಲಿದ್ದಾಗ ಸರ್ ಬಂದೇಬಿಟ್ಟರು.

"ನೈಟ್ರೇಟ್ ಹಾಕೀಯೇನೋ?"

ಆಗ ಹೊಳೀತು. ನಾಚಿಕೆ ಏನಂದರೆ, ಇದೇ ನನ್ನ ಪಿಎಚ್‌ಡಿ ವಿಷಯ. ಬೇಕಂತಲೇ ನೈಟ್ರೇಟ್ ತಪ್ಪಿಸಿ ಇವನ್ನು ಹಳದಿ ಮಾಡೋದಕ್ಕೆ ತಿಂಗಳಾ ಫೆಲೋಶಿಪ್ ತಗೊಳ್ತೀನಿ. ತಾನಾಗೇ ಆದಾಗ ಗುರುತು ಸಿಗಲಿಲ್ಲ.

ಒಳಗೆ ನಡೆಯೋದು ನಮ್ಮ ಅಡುಗೆಮನೆಯದೇ ಕಥೆ. ಬೆಳಕಿದೆ, ಇಂಗಾಲ ಬರ್ತಾನೇ ಇದೆ, ಅಂದರೆ ರೊಟ್ಟಿ ಬಡಿಯೋದು ನಿಂತಿಲ್ಲ. ಜೊತೆಗೆ ಹಚ್ಚಿಕೊಳ್ಳಲು, ನೈಟ್ರೇಟಿನಿಂದ ಸಿಗಬೇಕಿದ್ದ ಸಾರಜನಕದ ಪಲ್ಯ ಇಲ್ಲ. ಹಾಗಾಗಿ 2-ಆಕ್ಸೋಗ್ಲುಟರೇಟ್ ಎಂಬ ರೊಟ್ಟಿ ಬುಟ್ಟಿಯಲ್ಲಿ ಏರುತ್ತೆ. ಪಿ-ಟೂ ಎಂಬ ಪ್ರೋಟೀನ್ ಆ ಬುಟ್ಟಿ ನೋಡಿ ಸುದ್ದಿ ಮುಟ್ಟಿಸುತ್ತೆ. ಆಮೇಲೆ ಕೋಶ, ಬರಗಾಲದಲ್ಲಿ ಹಿತ್ತಾಳೆ ಕೊಡ ಮಾರಿದ ಹಾಗೆ, ಬೆಳಕು ಹಿಡಿಯುವ ತನ್ನ ನೀಲಿ ಪ್ರೋಟೀನನ್ನೇ ಒಡೆದು ತಿನ್ನುತ್ತೆ. ಬಣ್ಣ ಹೋಗೋದು ಅದಕ್ಕೇ. ಮಿಕ್ಕ ಇಂಗಾಲವನ್ನು ಗ್ಲೈಕೋಜನ್ ಮಾಡಿ ಒಟ್ಟುತ್ತೆ. ಅದೇ ಕಡಕ್ ರೊಟ್ಟಿ. ಹಾಗೇ ತಿಂಗಳುಗಟ್ಟಲೆ ಮಲಗಿರಬಲ್ಲದು.

ಉಳಿದ ಒಂದು ಫ್ಲಾಸ್ಕಿಗೆ ನೈಟ್ರೇಟ್ ಹಾಕಿದೆ, ಸರ್ ಎದುರಿಗೇ, ಎರಡು ಸಲ ತೂಗಿ. ಮೊದಲು ಅವು ಕಡಕ್ ರೊಟ್ಟಿ ಮುರಿದು ತಿಂದು ಚೇತರಿಸಿಕೊಂಡವು. ಎರಡು ದಿನದಲ್ಲಿ ಮತ್ತೆ ಹಸಿರು. ಬೋರಲು ಹಾಕಿದ್ದ ಮೂರು ಫ್ಲಾಸ್ಕ್ ಪಕ್ಕದಲ್ಲೇ ಫಳಫಳ ಹೊಳೀತಿದ್ದವು. ಸರ್ ಒಮ್ಮೆ ಅವನ್ನು, ಒಮ್ಮೆ ನನ್ನನ್ನು ನೋಡಿ ಚಹಾಕ್ಕೆ ಹೋದರು.

ರಾತ್ರಿ ಅವ್ವನಿಗೆ ಎಲ್ಲ ಹೇಳಿದೆ. ಮೆಂತೆ ಸೋಸುತ್ತ ಕೇಳಿದಳು. ಸೊಪ್ಪು ಅವಳೇ ತಂದಿದ್ದು.

"ಹಂಗಾರ ಪಲ್ಯ ಇಲ್ಲ ಅಂತ ಅದಕ್ಕ ಯಾರೂ ಫೋನ್ ಮಾಡಿ ಹೇಳಂಗಿಲ್ಲ, ಹೌದಿಲ್ಲೋ?"